ಚಿಕ್ಕಮ್ಮನಿಗೆ ಉದ್ದವಾದ ಕೋವಿ

ನಮ್ಮ ಚಿಕ್ಕಮ್ಮನ ಎತ್ತರ 4 ಅಡಿ 9 ಇಂಚು. ಮಡಿಕೇರಿ ಹತ್ತಿರದ ಅವರ ಮನೆಯಲ್ಲಿರುವ ಪಾಯಿಂಟ್ ಟೂ ಟೂ (.22) ಕೋವಿ, ಅಂದರೆ ಸಣ್ಣ ಗುಂಡಿನ ರೈಫಲ್, ತಂದದ್ದು ಅವರ ಮಾವ. ಅವರು ಆರಡಿ ಆಳು. ಕಳೆದ ವರ್ಷದ ಕೈಲ್ ಪೋದ್ ಹಬ್ಬದಲ್ಲಿ ಚಿಕ್ಕಮ್ಮ ಹೆಂಗಸರ ವಿಭಾಗದಲ್ಲಿ ತೆಂಗಿನಕಾಯಿಗೆ ಮೂರು ಗುಂಡು ಹೊಡೆದರು. ಮೂರೂ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋದವು. ಕಾಯಿ ಅಲ್ಲಾಡಲೂ ಇಲ್ಲ.

"ಕಣ್ಣು ಸರಿ ಇದೆ, ಕೈ ನಡುಗಲ್ಲ. ಈ ಕೋವಿಗೂ ನನಗೂ ಆಗಿಬರಲ್ಲ ಕಣೇ" ಅಂದರು.

ನಾನು ಆಗ ಅದನ್ನು ನೆಪ ಅಂದುಕೊಂಡೆ. ಆಮೇಲೆ ಅವತ್ತು ತೆಗೆದ ಫೋಟೋ ನೋಡಿದೆ. ಬಟ್, ಅಂದರೆ ಕೋವಿಯ ಹಿಂದಿನ ಮರದ ತುದಿ, ಹೆಗಲ ಗುಂಡಿಯಲ್ಲಿ ಕೂತಿಲ್ಲ, ತೋಳಿನ ಮೇಲೆ ಜಾರಿದೆ. ಕತ್ತು ಮುಂದಕ್ಕೆ ಚಾಚಿದ್ದಾರೆ. ಸೊಂಟ ಹಿಂದಕ್ಕೆ ಬಾಗಿದೆ, ತುಂಬಿದ ಕೊಡ ಎತ್ತಿಕೊಂಡವರ ಹಾಗೆ. ಎಡಗೈ ಪೂರ್ತಿ ಚಾಚಿ ನಿಂತಿದೆ. ಹಾಗೆ ನಿಂತರೆ ನನ್ನ ಗುಂಡೂ ದಿಬ್ಬಕ್ಕೇ ಹೋಗುತ್ತಿತ್ತು.

ಕೊಡಗಿನ ಹೊರಗಿನವರಿಗೆ ಎರಡು ಮಾತು. ಗದ್ದೆ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್ ಪೋದ್ ಬರುತ್ತದೆ. ಕೋವಿ, ಕತ್ತಿ ಎಲ್ಲ ತೊಳೆದು ಒರೆಸಿ ಇಟ್ಟು, ಕೆಂಪು-ಹಳದಿಯ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಊಟ, ಅದರ ಜೊತೆಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹಿಂದೆ ಕಾಯಿಯನ್ನು ಎತ್ತರದ ಮರಕ್ಕೆ ಕಟ್ಟುತ್ತಿದ್ದರು. ನಮ್ಮೂರಲ್ಲಿ ಈಗ ಮಣ್ಣಿನ ದಿಬ್ಬದ ಮುಂದೆ ಕಂಬ ನೆಟ್ಟು ಕಟ್ಟುತ್ತಾರೆ. ಅದೇ ವಾಸಿ. ಪಾಯಿಂಟ್ ಟೂ ಟೂ ಗುಂಡು ಚಿಕ್ಕದು ಅಂತ ಸದರ ಮಾಡಬಾರದು, ತಡೆ ಇಲ್ಲದಿದ್ದರೆ ಒಂದು ಮೈಲಿ ಹೋಗುತ್ತದೆ.

ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಚಿಕ್ಕಪ್ಪನದು ಜಮ್ಮಾ ಮನೆತನ, ವಿನಾಯಿತಿ ಪತ್ರ ಬೀರುವಿನಲ್ಲಿದೆ. ಕೋವಿಯೂ ಅದೇ ಬೀರುವಿನಲ್ಲಿ.

ಮೊದಲು ಯೋಚಿಸಿದ್ದು ಚಿಕ್ಕ ಕೋವಿಯನ್ನೇ ಕೊಳ್ಳುವುದು. ಅಮೆರಿಕದಲ್ಲಿ ಮಕ್ಕಳಿಗೆ ಅಂತಲೇ ಪಾಯಿಂಟ್ ಟೂ ಟೂ ಮಾಡುತ್ತಾರೆ. ಕ್ರಿಕೆಟ್, ಸ್ಯಾವೇಜ್ ರಾಸ್ಕಲ್ ಅಂತ ಹೆಸರು. ನಳಿಗೆ 16 ಇಂಚು, ಟ್ರಿಗರ್‌ನಿಂದ ಬಟ್‌ಗೆ 11 ಇಂಚು ಚಿಲ್ಲರೆ. ಚಿಕ್ಕಮ್ಮನಿಗೆ ಅದು ತುಸು ಗಿಡ್ಡವೇ ಆದೀತು, ಆದರೆ ಗಿಡ್ಡ ಆದದ್ದಕ್ಕೆ ತುಂಡು ಸೇರಿಸಬಹುದು. ಆದರೆ ನಮ್ಮ ದೇಶದಲ್ಲಿ ಸಾಮಾನ್ಯ ಜನ ಹೊರಗಿನ ಕೋವಿ ತರಿಸಿಕೊಳ್ಳುವ ಹಾಗಿಲ್ಲ. ಪಂದ್ಯಗಳಲ್ಲಿ ಅಂಕ ಗಳಿಸಿ ಅರ್ಹತೆ ಪಡೆದ ಶೂಟರ್‌ಗಳಿಗೆ ಮಾತ್ರ ಆ ದಾರಿ. ವರ್ಷಕ್ಕೆ ಮೂರು ತೋಟೆ ಹೊಡೆಯುವ ಚಿಕ್ಕಮ್ಮನಿಗೆ ಅದು ಆಗದ ಮಾತು.

ಹಾಗಾಗಿ ಇದ್ದ ಕೋವಿಯನ್ನೇ ಹೊಂದಿಸಬೇಕು. ಅದು ಹಳೆಯ ಬ್ರನೋ, ಝೆಕೊಸ್ಲೊವಾಕಿಯಾದ್ದು. ಅಕ್ರೋಟ್ ಮರ. ನಳಿಗೆಯೇ 60 ಸೆಂಟಿಮೀಟರಿಗಿಂತ ಉದ್ದ.

"ನಳಿಗೆ ಸ್ವಲ್ಪ ಕೊಯ್ದರೆ ಹಗುರ ಆಗಲ್ವಾ?" ಅಂತ ಪಕ್ಕದ ತೋಟದವರು ಕೇಳಿದರು. ಬೇಡವೇ ಬೇಡ. ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವುದನ್ನು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ತಡೆಯುತ್ತದೆ. ಅದೂ ಅಲ್ಲದೆ ಚಿಕ್ಕಮ್ಮನ ತೊಂದರೆ ಇದ್ದದ್ದು ಮುಂದೆ ಅಲ್ಲ, ಹಿಂದೆ. ಟ್ರಿಗರ್‌ನಿಂದ ಬಟ್‌ನ ನಡುಮಧ್ಯಕ್ಕೆ ಟೇಪ್ ಹಿಡಿದೆ. 350 ಮಿಲಿಮೀಟರ್. ಚಿಕ್ಕಪ್ಪನಂಥ ಆಳಿಗೆ ಸರಿಯಾದ ಅಳತೆ.

ಚಿಕ್ಕಮ್ಮನ ಮೊಣಕೈಯನ್ನು ಗೋಡೆಯ ಮೂಲೆಯ ಹಾಗೆ ಮಡಿಸಿ, ಮಡಿಚಿದ ಒಳಭಾಗದಿಂದ ತೋರುಬೆರಳಿನ ತುದಿಯ ಗೆಣ್ಣಿನವರೆಗೆ ಅಳೆದೆ. 298 ಮಿಲಿಮೀಟರ್ ಬಂತು. ಟ್ರಿಗರ್‌ನಿಂದ ಬಟ್‌ಗೆ ಇಷ್ಟೇ ಇರಬೇಕು ಅನ್ನುವುದು ಹಳೆಯ ಅಂದಾಜು ಲೆಕ್ಕ, ಶುರು ಮಾಡುವುದಕ್ಕೆ ಸಾಕು. ಇದನ್ನೇ ನಂಬಿ ಗರಗಸ ಹಾಕಬಾರದು. ಕತ್ತಿನ ಉದ್ದ, ಹೆಗಲಿನ ಅಗಲ, ನಿಲ್ಲುವ ರೀತಿ ಯಾವುದೂ ಈ ಲೆಕ್ಕದಲ್ಲಿ ಬರುವುದಿಲ್ಲ.

ಮರ ಕೊಯ್ಯುವ ಮಾತು ತೆಗೆದಾಗ ಚಿಕ್ಕಪ್ಪನ ಮುಖ ಸಣ್ಣಗಾಯಿತು. "ಅಪ್ಪನ ಕೋವಿ ಕಣಮ್ಮ ಅದು" ಅಂದರು, ಅಷ್ಟೇ. ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ವಾಸಿಯಿತ್ತು, ವಾದ ಮಾಡಬಹುದಿತ್ತು. ಅವರಿಗೂ ಅದೇ ಕೋವಿ ಬೇಕು, ಅವರಿಗೆ 350 ಸರಿ. ಒಂದು ಕೋವಿ, ಇಬ್ಬರು, ಎರಡು ಅಳತೆ.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಒಂದು ದಾರಿ ಹೊಳೆಯಿತು. ಕೊಯ್ದ ತುಂಡನ್ನು ಎಸೆಯುವುದೇ ಬೇಡ. ಅದನ್ನೇ ಎರಡು ಅಲೆನ್ ಸ್ಕ್ರೂಗಳಲ್ಲಿ ತೆಗೆದು ಹಾಕುವ ಹಾಗೆ ಮಾಡಿದರೆ? ಚಿಕ್ಕಪ್ಪನಿಗೆ ತುಂಡು ಹಾಕಿದ ಕೋವಿ, ಚಿಕ್ಕಮ್ಮನಿಗೆ ತುಂಡು ತೆಗೆದ ಕೋವಿ. ಒಲಿಂಪಿಕ್ಸ್‌ನಲ್ಲಿ ಹೊಡೆಯುವವರ ರೈಫಲ್‌ಗಳಲ್ಲಿ ಬಟ್ ಹಿಂದೆ ಮುಂದೆ, ಮೇಲೆ ಕೆಳಗೆ ಎಲ್ಲ ಕಡೆ ಸರಿಯುತ್ತದೆ. ನಮ್ಮದು ಅದರ ಬಡ ತಮ್ಮ.

ಮೊದಲು ಪ್ಲೈವುಡ್‌ನಲ್ಲಿ ಒಂದು ಗೊಂಬೆ ಕೋವಿ ಮಾಡಿದೆ. 18 ಮಿಮೀ ಪ್ಲೈ, ನಳಿಗೆಗೆ ಪೊರಕೆ ಕೋಲು, ಟ್ರಿಗರ್‌ಗೆ ಒಂದು ಮೊಳೆ. ಹಿಂದಿನ ಬಟ್ ಮಾತ್ರ ಉದ್ದ ತೂತಿನಲ್ಲಿ ಸರಿಯುವ ಹಲಗೆ, ರೆಕ್ಕೆ ನಟ್ ತಿರುಗಿಸಿ ಬೇಕಾದಲ್ಲಿ ಬಿಗಿಯಬಹುದು. ನಿಜವಾದ ಕೋವಿ ಮೂರು ಕಿಲೋದ ಆಸುಪಾಸು, ಹಾಗಾಗಿ ಮುಂದುಗಡೆ ಮರಳಿನ ಚೀಲ ಕಟ್ಟಿದೆ. ಚಿಕ್ಕಮ್ಮ ಅದನ್ನು ಅಡುಗೆಮನೆ ಬಾಗಿಲ ಹಿಂದೆ ಇಟ್ಟುಕೊಂಡರು. ಅನ್ನ ಬೇಯುವಾಗ ಎತ್ತುವುದು, ಕಿಟಕಿಯಾಚೆಯ ಹಲಸಿನ ಮರದ ಗಂಟಿಗೆ ಹಿಡಿಯುವುದು, ಇಳಿಸುವುದು. ಒಂದು ವಾರ ಹೀಗೇ ನಡೆಯಿತು. ನೋಡಿದ ಕೆಲಸದವಳು ಅಮ್ಮನವರಿಗೆ ಏನಾಯ್ತು ಅಂತ ನನ್ನನ್ನು ಕೇಳಿದಳು.

ಅಳತೆ ನೋಡಲು ಎರಡು ಪರೀಕ್ಷೆ ಇಟ್ಟುಕೊಂಡೆ. ಒಂದು, ಕಣ್ಣು ಮುಚ್ಚಿ ಕೋವಿ ಎತ್ತಿ ಹೆಗಲಿಗೆ ಇಟ್ಟು ಕೆನ್ನೆ ಊರಬೇಕು, ಆಮೇಲೆ ಕಣ್ಣು ಬಿಡಬೇಕು. ಆಗ ನಳಿಗೆ ತುದಿಯಲ್ಲಿ ಗುರಿ ಹಿಡಿಯಲು ಇರುವ ಮುಂದಿನ ಸೈಟ್ ತಾನಾಗಿ ಕಣ್ಣಿನ ನೇರಕ್ಕೆ ಬಂದಿರಬೇಕು. ಹುಡುಕುವ ಹಾಗಿದ್ದರೆ ಅಳತೆ ತಪ್ಪು. ಇನ್ನೊಂದು, ಮೂಗಿಗೂ ಬಲಗೈ ಹೆಬ್ಬೆರಳಿಗೂ ನಡುವೆ ಎರಡು ಬೆರಳು ಹಿಡಿಸುವಷ್ಟು ಜಾಗ ಇರಬೇಕು. ಜಾಸ್ತಿ ಗಿಡ್ಡ ಆದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಪಾಯಿಂಟ್ ಟೂ ಟೂದಲ್ಲಿ ಒದೆತ ಇಲ್ಲವೇ ಇಲ್ಲ ಅನ್ನಬಹುದು, ಆದರೂ ಅಭ್ಯಾಸ ಒಳ್ಳೆಯದಲ್ಲ.

315ರಲ್ಲಿ ಎರಡೂ ಪರೀಕ್ಷೆ ಪಾಸ್. ಕೊಯ್ಯೋಣ ಅಂತ ಪೆನ್ಸಿಲ್ ಕೂಡ ಹಿಡಿದಿದ್ದೆ. ಆಗ ಚಿಕ್ಕಮ್ಮ ಸುಮ್ನೆ ಒಂದು ಮಾತು ಅಂದರು. "ಈಗ ಏಪ್ರಿಲ್. ಹಬ್ಬದ ಹೊತ್ತಿಗೆ ನಾನು ಸ್ವೆಟರ್ ಹಾಕಿರ್ತೀನಲ್ಲ."

ಹೌದಲ್ವಾ! ಸೆಪ್ಟೆಂಬರ್ ಮೊದಲ ವಾರ ಮಡಿಕೇರಿಯಲ್ಲಿ ಜಡಿಮಳೆ ಇನ್ನೂ ಬಿಟ್ಟಿರುವುದಿಲ್ಲ. ಉಣ್ಣೆ ಸ್ವೆಟರ್, ಅದರ ಮೇಲೆ ಸೀರೆಯ ಸೆರಗಿನ ಮಡಿಕೆ, ಮಳೆ ಬಂದರೆ ಜಾಕೆಟ್. ಹೆಗಲಿಗೂ ಬಟ್‌ಗೂ ನಡುವೆ ಒಂದು ಸೆಂಟಿಮೀಟರ್ ಅದರಲ್ಲೇ ಹೋಯಿತು. ಆ ಬಿಸಿಲಲ್ಲಿ ಸ್ವೆಟರ್ ಹಾಕಿಸಿ ಮತ್ತೆ ಪರೀಕ್ಷೆ ಮಾಡಿದೆವು. 305 ಸರಿ ಬಂತು. ಬೆವರುತ್ತಾ ಬೈದರು, ಆದರೆ ಆ ಒಂದು ಮಾತು ಒಂದು ಸೆಂಟಿಮೀಟರ್ ಉಳಿಸಿತು. ನಾನಾಗಿದ್ದರೆ 315ಕ್ಕೆ ಕೊಯ್ದು, ಹಬ್ಬದ ದಿನ ತಲೆ ಕೆರೆದುಕೊಳ್ಳುತ್ತಿದ್ದೆ.

ಈಗ ಲೆಕ್ಕ. ಹಿಂದಿನ ಪ್ಲಾಸ್ಟಿಕ್ ಬಟ್ ಪ್ಲೇಟ್ 6 ಮಿಮೀ, ಅಂದರೆ ಮರ 344. ಚಿಕ್ಕಮ್ಮನ ಕಡೆಗೆ 12 ಮಿಮೀ ರಬ್ಬರ್ ಹಾಕುವುದು, ಹಾಗಾಗಿ ಮರ 293ಕ್ಕೆ ನಿಲ್ಲಬೇಕು. ನನ್ನ ಸಣ್ಣ ಹಲ್ಲಿನ ಗರಗಸ 1.5 ಮಿಮೀ ತಿನ್ನುತ್ತದೆ. ತುಂಡು ಉಳಿಯುವುದು 49.5. ಗರಗಸ ತಿಂದ ಆ ಒಂದೂವರೆ ಮಿಲಿಮೀಟರಿಗೆ ಕಪ್ಪು ಫೈಬರ್ ಹಾಳೆ ಕತ್ತರಿಸಿ ನಡುವೆ ಇಟ್ಟರೆ ಚಿಕ್ಕಪ್ಪನಿಗೆ ಮತ್ತೆ ಪೂರ್ತಿ 350.

ಚಿಕ್ಕಪ್ಪ ಕೋವಿಯ ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ ಅಗುಳಿ) ತೆಗೆದರು, ಒಳಗೆ ತೋಟೆ ಇಲ್ಲ ಅಂತ ಇಬ್ಬರೂ ಬೆರಳು ಹಾಕಿ ನೋಡಿದೆವು. ಕೆಳಗಿನ ಎರಡು ಸ್ಕ್ರೂ ಬಿಚ್ಚಿದರೆ ಮರ ಬೇರೆ, ಕಬ್ಬಿಣ ಬೇರೆ. ಕಬ್ಬಿಣ ಬೀರುವಿಗೆ ಹೋಗಿ ಬೀಗ ಬಿತ್ತು. ನಾನು ಮೈಸೂರಿಗೆ ತಂದದ್ದು ಬರೀ ಮರ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ. ಬಸ್ಸಿನಲ್ಲಿ ಪಕ್ಕದವರು ವೀಣೆಯಾ ಅಂತ ಕೇಳಿದರು.

ಕೋವಿಯ ಮರದಲ್ಲಿ ಒಂದೂ ನೇರ ಬದಿ ಇಲ್ಲ. ಮೇಲೆ ಇಳಿಜಾರು, ಕೆಳಗೆ ಇಳಿಜಾರು, ಪಕ್ಕದಲ್ಲಿ ಉಬ್ಬು. ಹಾಗಿರುವಾಗ ಗರಗಸವನ್ನು ಯಾವುದಕ್ಕೆ ನೇರ ಹಿಡಿಯುವುದು? ನಳಿಗೆ ಕೂರುವ ಕಾಲುವೆಯಲ್ಲಿ ಒಂದು ನೆಟ್ಟಗಿನ ಅಲ್ಯೂಮಿನಿಯಂ ಪೈಪ್ ಇಟ್ಟು ಕ್ಲ್ಯಾಂಪ್ ಹಾಕಿದೆ. ಈಗ ಅದೇ ನಳಿಗೆ. ಮೇಜಿನ ಮೇಲೆ ಪೈಪ್ ಸಮ ಆಗುವವರೆಗೆ ಮರದ ಕೆಳಗೆ ಬೆಣೆಗಳನ್ನು ಕೊಟ್ಟೆ. ಹಳೆಯ ಬಟ್ ಪ್ಲೇಟಿನ ಓರೆಯನ್ನೇ ರಟ್ಟಿನಲ್ಲಿ ಇಳಿಸಿಕೊಂಡು, ಅದಕ್ಕೆ ಸಮಾನಾಂತರವಾಗಿ ಗೆರೆ ಎಳೆದೆ. ಸುತ್ತ ಟೇಪ್ ಅಂಟಿಸಿ, ಗೆರೆಯ ಮೇಲೆ ಚೂರಿಯಿಂದ ಮೂರು ಸಲ ಗೀರಿದೆ. ಹೀಗೆ ಮಾಡದಿದ್ದರೆ ಗರಗಸ ಆಚೆ ಬದಿಗೆ ಬರುವಾಗ ಅಂಚು ಸಿಬಿರು ಕಿತ್ತು ಬರುತ್ತದೆ.

ಕೊಯ್ಯುವ ಮುಂಚೆ ಒಂದು ಲೋಟ ಕಾಫಿ ಕುಡಿದೆ. ಕೊಯ್ಯಲು ಹಿಡಿದದ್ದು ಹನ್ನೊಂದು ನಿಮಿಷ. ಒಳಗಿನ ಮರ ಹೊರಗಿನದಕ್ಕಿಂತ ಎಷ್ಟೋ ತಿಳಿ, ಹೊಸ ಬೆಲ್ಲದ ಬಣ್ಣ. ಇಷ್ಟು ವರ್ಷದ ಎಣ್ಣೆ ಮತ್ತು ಬೆವರು ಒಂದು ಮಿಲಿಮೀಟರ್ ಕೂಡ ಒಳಗೆ ಇಳಿದಿಲ್ಲ.

ತಪ್ಪು ಆದದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಬಿಚ್ಚಿ ಜೋಡಿಸುವ ಫರ್ನಿಚರ್‌ಗೆ ಹಾಕುವ 6 ಮಿಮೀ ಹಿತ್ತಾಳೆ ಇನ್ಸರ್ಟ್ ನಟ್ ತಂದಿದ್ದೆ. ಮರದೊಳಗೆ ಅದು ತಿರುಚಿಕೊಂಡು ಕೂರುತ್ತದೆ, ಅದರೊಳಗೆ ಅಲೆನ್ ಸ್ಕ್ರೂ ಬರುತ್ತದೆ. ಒಂದು ಮೇಲೆ, ಒಂದು ಕೆಳಗೆ. ಮೇಲಿನದು ಸಲೀಸಾಗಿ ಹೋಯಿತು. ಕೆಳಗಿನ ತೂತು ಕೊರೆಯುವಾಗ ಡ್ರಿಲ್ ಕಿರ್ ಅಂದಿತು. ಕಬ್ಬಿಣ!

ಕೋವಿಯ ಬೆಲ್ಟ್ ಸಿಕ್ಕಿಸುವ ಕೊಂಡಿ ಬಟ್‌ನ ಕೆಳಗಡೆ ಇರುತ್ತದೆ. ಅದರ ಸ್ಕ್ರೂ ಮರದೊಳಗೆ ಮೇಲ್ಮುಖವಾಗಿ ನಿಂತಿದೆ. ನಾನು ಹಿಂದಿನಿಂದ ಬಂದು ನೇರ ಅದಕ್ಕೇ ಗುದ್ದಿದ್ದೆ. ಹೊರಗಿನಿಂದ ಕೊಂಡಿ ಕಣ್ಣಿಗೆ ರಾಚುವ ಹಾಗಿದೆ, ಒಳಗೆ ಅದರ ಬಾಲ ಎಷ್ಟು ಉದ್ದ ಅಂತ ಯೋಚಿಸಲೇ ಇಲ್ಲ. ಫ್ರಿಜ್ ಮೇಲಿನ ಮ್ಯಾಗ್ನೆಟ್ ಕಿತ್ತು ತಂದು ಸವರಿದ್ದರೆ ಸಾಕಿತ್ತು. ಆಮೇಲೆ ಹಾಗೇ ಮಾಡಿದೆ. ಆ ತೂತಿಗೆ ಅದೇ ಮರದ ಪುಡಿ ಮತ್ತು ಅರಾಲ್ಡೈಟ್ ಕಲಸಿ ತುಂಬಿ, 15 ಮಿಮೀ ಮೇಲೆ ಹೊಸದು ಕೊರೆದೆ.

ಅಲ್ಲಿಗೂ ಮುಗಿಯಲಿಲ್ಲ. ಎರಡನೇ ಇನ್ಸರ್ಟ್ ತಿರುಗಿಸುವಾಗ ಬಿಗಿ ಜಾಸ್ತಿ ಅನ್ನಿಸಿತು. ಹಟ ಹಿಡಿದೆ. ಟಿಕ್ ಅಂತ ಸಣ್ಣ ಸದ್ದು. ತೂತಿನಿಂದ ಅಂಚಿಗೆ ಕೂದಲೆಳೆಯ ಬಿರುಕು. ಬೆನ್ನಲ್ಲಿ ತಣ್ಣಗಾಯಿತು. ಚಿಕ್ಕಪ್ಪನ ಸಣ್ಣಗಾದ ಮುಖ ಕಣ್ಣ ಮುಂದೆ. ಇನ್ಸರ್ಟ್ ಹೊರಗೆ ತೆಗೆದು, ಬಿರುಕಿಗೆ ತೆಳು ಅಂಟು ಬಿಟ್ಟು, ಕ್ಲ್ಯಾಂಪ್ ಹಾಕಿ ಒಂದು ರಾತ್ರಿ ಬಿಟ್ಟೆ. ಮರುದಿನ ತೂತನ್ನು ಅರ್ಧ ಮಿಲಿಮೀಟರ್ ದೊಡ್ಡದು ಮಾಡಿ, ಇನ್ಸರ್ಟ್‌ಗೆ ಸೋಪು ಸವರಿ ತಿರುಗಿಸಿದೆ. ಬೆಣ್ಣೆಯ ಹಾಗೆ ಹೋಯಿತು. ಒಣಗಿದ ಹಳೆ ಮರಕ್ಕೆ ಡಬ್ಬಿಯ ಮೇಲೆ ಬರೆದ ಡ್ರಿಲ್ ಅಳತೆ ನಂಬಬೇಡಿ, ಒಂದು ಬೇಡದ ತುಂಡಿನಲ್ಲಿ ನೋಡಿ. ನನ್ನ ಹತ್ತಿರ ಬೇಡದ ಅಕ್ರೋಟ್ ಎಲ್ಲಿಂದ ಬರಬೇಕು ಅನ್ನಬಹುದು. ತೇಗದಲ್ಲಾದರೂ ನೋಡಬಹುದಿತ್ತು.

ಹಿಂದಿನ ರಬ್ಬರ್‌ಗೆ ಪೇಟೆ ಸುತ್ತಲಿಲ್ಲ. ಚಪ್ಪಲಿ ರಿಪೇರಿಯವರ ಹತ್ತಿರ ಸೋಲ್‌ಗೆ ಹಾಕುವ ಮೆತ್ತನೆ ಕಪ್ಪು ರಬ್ಬರ್ ಹಾಳೆ ಇರುತ್ತದೆ. ಒಂದು ತುಂಡು ತಂದು 4 ಮಿಮೀ ಪ್ಲೈಗೆ ಅಂಟಿಸಿದೆ. ಎರಡೂ ಸೇರಿ 12. ಕೊಯ್ದ ಮುಖವನ್ನು ಕಾಗದದ ಮೇಲೆ ಒತ್ತಿ ಆಕಾರ ತೆಗೆದು ಕತ್ತರಿಸಿದೆ. ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ಕೊಯ್ದ ಹಸಿ ಮುಖಗಳಿಗೆ ಎರಡು ಕಡೆಯೂ ಅಗಸೆ ಎಣ್ಣೆ ಮೂರು ಸಲ ಕುಡಿಸಿದೆ. ಮಡಿಕೇರಿಯ ಮಳೆಯಲ್ಲಿ ಮರದ ತೆರೆದ ಬಾಯಿ ಹಾಗೇ ಬಿಟ್ಟರೆ ಉಬ್ಬಿ ಕೂರುತ್ತದೆ.

ಜೂನ್‌ನಲ್ಲಿ ಮರ ವಾಪಸ್ ಹೋಯಿತು. ಚಿಕ್ಕಪ್ಪ ತುಂಡು ಹಾಕಿದ ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಪ್ಪು ಗೆರೆಯ ಮೇಲೆ ಉಗುರು ಎಳೆದರು. "ಮೊದಲಿಂದ ಹೀಗೇ ಇತ್ತು ಅಂದರೂ ನಂಬಬಹುದು" ಅಂದರು. ನಾನು ಬಿರುಕಿನ ವಿಷಯ ಎತ್ತಲಿಲ್ಲ. ಅವರು ಇದನ್ನು ಓದಿದರೆ ಗೊತ್ತಾಗುತ್ತದೆ.

ತುಂಡು ತೆಗೆದು ಚಿಕ್ಕಮ್ಮನ ಕೈಗೆ ಕೊಟ್ಟರೆ ಇನ್ನೊಂದು ರಗಳೆ. ಉದ್ದ ಸರಿ ಇದೆ, ಆದರೆ ಬಟ್‌ನ ಕೆಳಮೂಲೆ ಎದೆಗೆ ಒತ್ತುತ್ತಿದೆ. "ಇದನ್ನ ಮಾಡಿದವನು ಹೆಂಗಸರನ್ನ ನೋಡೇ ಇರಲಿಲ್ವಾ?" ಅಂದರು ಚಿಕ್ಕಮ್ಮ. ಗಂಡಸಿನ ಚಪ್ಪಟೆ ಎದೆಗೆ ಇಟ್ಟ ಓರೆಯನ್ನೇ ನಾನು ನಿಯತ್ತಾಗಿ ನಕಲು ಮಾಡಿದ್ದೆ. ಗೊಂಬೆ ಕೋವಿಯ ಬಟ್ ಚಿಕ್ಕ ಹಲಗೆ, ಅದರಲ್ಲಿ ಈ ಮೂಲೆಯೇ ಇರಲಿಲ್ಲ. ಹಾಗಾಗಿ ಅಲ್ಲಿ ಗೊತ್ತಾಗಲಿಲ್ಲ. ಮರವನ್ನು ಮತ್ತೆ ಮುಟ್ಟುವ ಧೈರ್ಯ ನನಗಿರಲಿಲ್ಲ. ರಬ್ಬರ್ ಪ್ಯಾಡಿನ ಹಿಂದೆ ಮೇಲ್ಗಡೆ 4 ಮಿಮೀ, ಕೆಳಗಡೆ ಸೊನ್ನೆಗೆ ಇಳಿಯುವ ಒಂದು ತೆಳು ಬೆಣೆ ಕೊಟ್ಟೆ. ಪ್ಯಾಡಿನ ಕೆಳಮೂಲೆಯನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿದೆ. ಒತ್ತುವುದು ನಿಂತಿತು. ನಡುವಿನ ಉದ್ದ 2 ಮಿಮೀ ಜಾಸ್ತಿ ಆಯಿತು, ಅದು ಯಾರಿಗೂ ಗೊತ್ತಾಗಲಿಲ್ಲ.

ಕೆನ್ನೆಗೆ ಅಂತ ಯೋಗ ಮ್ಯಾಟ್ ಕತ್ತರಿಸಿ, ಮೇಲೆ ಚರ್ಮ ಹೊಲಿದು ಒಂದು ದಿಂಬನ್ನೂ ಮಾಡಿದ್ದೆ. ಪೂರಾ ಒಂದು ಭಾನುವಾರದ ಕೆಲಸ. ಬೇಕೇ ಆಗಲಿಲ್ಲ. ಕೆನ್ನೆ ಇಡುವ ಮೇಲಂಚು ಹಿಂದಕ್ಕೆ ಹೋದ ಹಾಗೆ ತಗ್ಗುತ್ತದೆ. ಕೋವಿ ಉದ್ದ ಇದ್ದಾಗ ಚಿಕ್ಕಮ್ಮನ ಕೆನ್ನೆ ಹಿಂದಿನ ತಗ್ಗಿನಲ್ಲಿ ಬೀಳುತ್ತಿತ್ತು, ಕಣ್ಣು ಸೈಟಿಗಿಂತ ಕೆಳಗೆ ಉಳಿಯುತ್ತಿತ್ತು. ಗಿಡ್ಡ ಆದ ಮೇಲೆ ಕೆನ್ನೆ ಮುಂದೆ ಸರಿದು ಎತ್ತರದ ಜಾಗಕ್ಕೆ ಬಂತು, ಕಣ್ಣು ತಾನಾಗಿ ನೇರಕ್ಕೆ ಬಂತು. ದಿಂಬು ಈಗ ಚಿಕ್ಕಪ್ಪನ ಕುರ್ಚಿಯ ಕೈ ಮೇಲಿದೆ.

ಒಂದು ಕೊರತೆ ಮಾತ್ರ ಉಳಿಯಿತು. ಹಿಂದಿನ ತೂಕ ಕಡಿಮೆ ಆದ ಮೇಲೆ ಕೋವಿ ಮುಂದಕ್ಕೆ ತೂಗುತ್ತದೆ. ತುಂಡು, ಪ್ಲೇಟ್ ಸೇರಿ 140 ಗ್ರಾಂ ಹೋಗಿದೆ. ಇದಕ್ಕೆ ನಾನು ಮದ್ದು ಮಾಡಲಿಲ್ಲ, ಚಿಕ್ಕಮ್ಮನೇ ಮಾಡಿಕೊಂಡರು. ಎಡಗೈಯನ್ನು ಹಿಂದೆ ತಂದು, ತೋಟೆ ತುಂಬುವ ಮ್ಯಾಗಜಿನ್ ಮುಂದೆ ಹಿಡಿದು, ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಿದರು. ಮಗು ಎತ್ತಿಕೊಂಡು ಅಭ್ಯಾಸ ಇರುವವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉದ್ದ ಕೋವಿಯಲ್ಲಿ ಆ ಮೊಣಕೈ ಸೊಂಟಕ್ಕೆ ತಲುಪುತ್ತಲೇ ಇರಲಿಲ್ಲ.

ಆಗಸ್ಟ್ ಕೊನೆಯಲ್ಲಿ ತೋಟದ ದಿಬ್ಬಕ್ಕೆ ಕಾಗದ ಅಂಟಿಸಿ ನೋಡಿದೆವು. 25 ಹೆಜ್ಜೆ ದೂರ, ನಿಂತುಕೊಂಡು. ಮೊದಲು ತುಂಡು ಹಾಕಿ ಐದು ತೋಟೆ. ಊಟದ ತಟ್ಟೆಯಷ್ಟು ಅಗಲಕ್ಕೆ ಹರಡಿದವು, ಒಂದು ಕಾಗದದಲ್ಲೇ ಇಲ್ಲ. ಚಿಕ್ಕಪ್ಪ ತುಂಡು ಬಿಚ್ಚಿದರು. ಎರಡು ಸ್ಕ್ರೂ, ಒಂದೂವರೆ ನಿಮಿಷ. ಮತ್ತೆ ಐದು. ಪೂರಿಯಗಲ. ಐದೂ ಎಡಕ್ಕೆ ಎರಡು ಬೆರಳು, ಆದರೆ ಒಟ್ಟಿಗೆ. ಚಿಕ್ಕಮ್ಮ ಕಾಗದದ ಹತ್ತಿರ ಹೋಗಿ ಒಂದೊಂದೇ ತೂತಿಗೆ ಕಿರುಬೆರಳು ಇಟ್ಟು ಎಣಿಸಿದರು.

ಹಬ್ಬದ ದಿನ ಮಳೆ. ಸ್ವೆಟರ್ ಇತ್ತು. ಮೊದಲ ಗುಂಡು ಕಂಬಕ್ಕೆ. ಎರಡನೆಯದಕ್ಕೆ ಕಾಯಿಯ ಕೆಳಗಿನಿಂದ ನೀರು ಸೋರಲು ಶುರುವಾಯಿತು. ಪಾಯಿಂಟ್ ಟೂ ಟೂ ತಾನೇ, ಕಾಯಿ ಒಡೆದು ಚೂರಾಗುವುದಿಲ್ಲ. ತೀರ್ಪು ಕೊಡುವವರು ಹತ್ತಿರ ಹೋಗಿ ಮಳೆ ನೀರೋ ಎಳನೀರೋ ಅಂತ ಬೆರಳಲ್ಲಿ ನೆಕ್ಕಿ ನೋಡಿದರು. ಕಾಯಿ ಮನೆಗೆ ಬಂತು, ಸಂಜೆಯ ಕೋಳಿ ಸಾರಿಗೆ ಹೋಯಿತು.

ಉಳಿದ ಕೆಲಸ ಎರಡಿದೆ. ಅಲೆನ್ ಸ್ಕ್ರೂಗಳ ತಲೆ ಒಂದೇ ಮಳೆಗೆ ತುಕ್ಕು ಹಿಡಿದಿದೆ, ಸ್ಟೀಲಿನದು ತರಬೇಕು. ಇನ್ನು ಚಿಕ್ಕಮ್ಮ ಈಗ ಜೋಡಿ ನಳಿಗೆಯ 12 ಬೋರ್ ಕೋವಿಯ ಮೇಲೆ ಕಣ್ಣು ಹಾಕಿದ್ದಾರೆ. ಅದರ ಒದೆತಕ್ಕೆ ಈ ಎರಡು ಹಿತ್ತಾಳೆ ನಟ್ಟು, ಚಪ್ಪಲಿ ರಬ್ಬರು ಸಾಲುವುದಿಲ್ಲ. ಗೊಂಬೆ ಕೋವಿಯನ್ನು ಮಾತ್ರ ಇನ್ನೂ ಬಿಚ್ಚಿಲ್ಲ, ಅಡುಗೆಮನೆ ಬಾಗಿಲ ಹಿಂದೆಯೇ ಇದೆ.